ಹಚ್ಕೊಳ್ಳಾಕ ಏನೈತಿ?

ನಮ್ಮ ಗದಗಿನ ಕಡೆ ಯಾವ ತಿನಿಸೂ ಒಂಟಿಯಾಗಿ ತಾಟಿಗೆ ಬರುವುದಿಲ್ಲ. ರೊಟ್ಟಿ ಬಂತೆಂದರೆ ಬೆನ್ನಿಗೇ ಎಣಗಾಯಿ, ಮೊಸರು, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಬರಬೇಕು. ಹೋಳಿಗೆಗೆ ಹಾಲು ತುಪ್ಪ, ಹುಗ್ಗಿಗೆ ತುಪ್ಪ, ಮಾದಲಿಗೆ ಕಾಸಿದ ಹಾಲು. ಗಿರಮಿಟ್ಟಿಗೆ ಮಿರ್ಚಿ ಭಜಿಯೋ, ಮಿರ್ಚಿ ಭಜಿಗೆ ಗಿರಮಿಟ್ಟೋ ಎನ್ನುವ ವಾದ ಮಾತ್ರ ಇನ್ನೂ ಬಗೆಹರಿದಿಲ್ಲ. ಬಗೆಹರಿಸುವ ಅವಸರವೂ ಯಾರಿಗಿಲ್ಲ. ವಾದ ಮಾಡುತ್ತ ಎರಡನ್ನೂ ಮುಗಿಸಿ ಏಳುತ್ತಾರೆ. ಇಂಥ ಊರಿನಲ್ಲಿ ಬಾಳೆಹಣ್ಣಿನ ಬ್ರೆಡ್ಡಿನದೊಂದು ಹೋಳನ್ನು ಬರಿದೇ ತಾಟಿನಲ್ಲಿಟ್ಟು ಮುಂದೆ ಚಾಚಿದರೆ, ಬೀಗರನ್ನು ಊಟಕ್ಕೆ ಕರೆದು ನೀರು ಕುಡಿಸಿ ಕಳಿಸಿದ ಹಾಗೆ.

ನಮ್ಮತ್ತೆ ಆ ಹೋಳನ್ನು ಹೊರಳಿಸಿ ನೋಡಿದರು, ಮೂಸಿದರು, ಬೆರಳಿನಿಂದ ಒತ್ತಿ ಅದು ಮತ್ತೆ ಮೇಲೇಳುವುದನ್ನು ಅನುಮಾನದಿಂದ ಗಮನಿಸಿದರು. ಆಮೇಲೆ ಕೇಳಿದರು: "ಇದಕ ಹಚ್ಕೊಳ್ಳಾಕ ಏನೈತಿ?"

"ಏನೂ ಇಲ್ರಿ ಅತ್ತಿ. ಹಂಗ ತಿನ್ನೂದು."

"ಹಂಗಂದ್ರ ಹ್ಯಾಂಗ?"

ಈ ಪ್ರಶ್ನೆಗೆ ಯಾವ ಬೇಕಿಂಗ್ ಪುಸ್ತಕದಲ್ಲೂ ಉತ್ತರ ಇದ್ದಂತಿಲ್ಲ.

ನಾನು ಈ ವಿದ್ಯೆಗೆ ಇಳಿದದ್ದು ಕಲೆಯ ಮೋಹದಿಂದಲ್ಲ, ಬಾಳೆಹಣ್ಣಿನ ಕಾಟದಿಂದ. ನಮ್ಮ ಮನೆಯಲ್ಲಿ ಬಾಳೆಹಣ್ಣು ಕೊಳ್ಳುವವರಿಲ್ಲ, ಅವು ತಾವಾಗಿಯೇ ಬರುತ್ತವೆ. ಶ್ರಾವಣ ಬಂತೆಂದರೆ ಸಾಕು, ಓಣಿಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಉಡಿ ತುಂಬುತ್ತಾರೆ. ನಾನು ಕೊಟ್ಟ ಹಣ್ಣು ನಾಲ್ಕು ಮನೆ ತಿರುಗಿ ನನ್ನ ಮನೆಗೇ ವಾಪಸು ಬಂದದ್ದೂ ಉಂಟು. ತೊಟ್ಟಿನ ಮೇಲಿನ ಕಲೆಯಿಂದ ಗುರುತು ಹಿಡಿದೆ. ಸತ್ಯನಾರಾಯಣ ಪೂಜೆಯ ಹಣ್ಣು, ಮಠಕ್ಕೆ ಹೋಗಿಬಂದವರು ಕೊಟ್ಟ ಹಣ್ಣು, ನೋಡಲು ಬಂದ ನೆಂಟರು ತಂದ ಹಣ್ಣು. ಪ್ರಸಾದವಾದ್ದರಿಂದ ಚೆಲ್ಲುವಂತಿಲ್ಲ. ಎಲ್ಲರ ಮನೆಯಲ್ಲೂ ಇರುವುದರಿಂದ ಕೊಡುವಂತಿಲ್ಲ. ಸೀಕರಣೆ ಮಾಡಿದೆ, ಮತ್ತೆ ಸೀಕರಣೆ ಮಾಡಿದೆ. ಕೊನೆಕೊನೆಗೆ ಓಣಿಯ ಆಕಳೂ ನಮ್ಮ ಮನೆ ಬಂದಾಗ ರಸ್ತೆಯ ಆಚೆ ಮಗ್ಗುಲಿನಿಂದ ಹೋಗತೊಡಗಿತು.

ಆಗ ಬಂತು 2020ರ ಲಾಕ್‌ಡೌನ್. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಮಗಳು ಬೆಟಗೇರಿಗೆ ಬಂದಳು. ಆ ವರ್ಷ ಜಗತ್ತಿಗೆ ಜಗತ್ತೇ ಮನೆಯಲ್ಲಿ ಕುಳಿತು ಬನಾನಾ ಬ್ರೆಡ್ ಸುಟ್ಟಿತು. ಅಮೆರಿಕದಲ್ಲಿ 1930ರ ದಶಕದ ಹಣದ ಮುಗ್ಗಟ್ಟಿನ ಕಾಲಕ್ಕೂ ಇದು ಮನೆಮನೆಯ ತಿನಿಸಾಗಿತ್ತಂತೆ: ಕಪ್ಪಾದ ಹಣ್ಣು ಚೆಲ್ಲಲು ಮನಸ್ಸಿಲ್ಲ, ಸೋಡಾ ಸೋವಿ. ಇದನ್ನು ಕೇಳಿ ನನಗೆ ಅಮೆರಿಕದ ಹೆಂಗಸರ ಮೇಲೆ ಮೊದಲ ಸಲ ಅಕ್ಕರೆ ಬಂತು. ಅವರ ಮನೆಯಲ್ಲೂ ಒಬ್ಬ ಅತ್ತೆ ಇದ್ದಿರಬೇಕು.

ಈ ಬಗೆಯ ಬ್ರೆಡ್ಡಿನ ಗುಟ್ಟು ಇಷ್ಟೇ. ಯೀಸ್ಟ್ ಹಾಕಿ ತಾಸುಗಟ್ಟಲೆ ಕಾಯುವ ರಗಳೆ ಇಲ್ಲ. ಅಡುಗೆ ಸೋಡಾ ಹುಳಿಗೆ ತಾಗಿದ ಕೂಡಲೇ ಗಾಳಿ ಬಿಡುತ್ತದೆ, ಆ ಗಾಳಿಯೇ ಹಿಟ್ಟನ್ನು ಉಬ್ಬಿಸುತ್ತದೆ. ಹುಳಿ ಮೊಸರಿನಲ್ಲಿದೆ, ಒಂದಿಷ್ಟು ಹಣ್ಣಿನಲ್ಲಿ ಮತ್ತು ಬೆಲ್ಲದಲ್ಲೂ ಇದೆ. 3 ಕಳಿತ ಹಣ್ಣು, ಒಂದೂವರೆ ಕಪ್ ಹಿಟ್ಟು, ಮುಕ್ಕಾಲು ಕಪ್ ಬೆಲ್ಲ, ಅರ್ಧ ಕಪ್ ಮೊಸರು, ಅಷ್ಟೇ ಎಣ್ಣೆ, 1 ಚಮಚ ಸೋಡಾ. 180 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಒಂದು ತಾಸು. ಅದೇ ಹಿಟ್ಟನ್ನು ಸಣ್ಣ ಬಟ್ಟಲುಗಳಿಗೆ ಹಾಕಿದರೆ ಮಫಿನ್, 20 ನಿಮಿಷ ಸಾಕು. ಮಿರ್ಚಿ ಭಜಿಯ ಹಿಟ್ಟಿಗೆ ಚಿಟಿಕೆ ಸೋಡಾ ಹಾಕುವ ಗದಗಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ ಎಂದುಕೊಂಡೆ. ತೊಂದರೆ ಶುರುವಾದದ್ದೇ ಅಲ್ಲಿಂದ. ಭಜಿ ಹಿಟ್ಟನ್ನು ಕೈಸೋಲುವವರೆಗೆ ಬಡಿಯಬೇಕು. ಈ ಹಿಟ್ಟನ್ನು ಬಡಿದರೆ ಕೆಟ್ಟಿತು. ಒಣಹಿಟ್ಟು ಕಾಣದಾಗುವಷ್ಟು ಕಲಸಿ ಕೈ ಬಿಡಬೇಕು, ಇಲ್ಲದಿದ್ದರೆ ಜಿಗುಟು ಹುಟ್ಟಿ ಬ್ರೆಡ್ಡು ರಬ್ಬರಾಗುತ್ತದೆ. ನಮ್ಮತ್ತೆಗೆ ಅರೆಬರೆ ಕಲಸಿದ ಹಿಟ್ಟು ಕಂಡರೆ ಅರೆಬರೆ ಗುಡಿಸಿದ ಅಂಗಳ ಕಂಡಷ್ಟೇ ಸಂಕಟ. ನಾನು ಬೆನ್ನು ತಿರುಗಿಸಿದರೆ ಸಾಕು, ಬಡಿಯುವ ಸಪ್ಪಳ ಕೇಳುತ್ತಿತ್ತು.

ಬೇಕಿಂಗ್ ಪೌಡರಿನ ಕತೆಯನ್ನು ಮಗಳು ಹೇಳಿದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ತತ್ತಿ ಆಗಿಬರುತ್ತಿರಲಿಲ್ಲವೆಂದು 1837ರಲ್ಲಿ ತತ್ತಿ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ. ಯೀಸ್ಟೂ ಆಗಿಬರುತ್ತಿರಲಿಲ್ಲವೆಂದು 1843ರಲ್ಲಿ ಬೇಕಿಂಗ್ ಪೌಡರ್ ಕಂಡುಹಿಡಿದ. ನಾನು ಈ ಕತೆಯನ್ನು ಸ್ವಲ್ಪ ಜೋರು ದನಿಯಲ್ಲಿ, ಪೇಪರ್ ಓದುತ್ತಿದ್ದ ನಮ್ಮ ಮನೆಯವರ ಕಡೆ ಮುಖ ಮಾಡಿ ಹೇಳಿದೆ. ಅವರು ಪುಟ ತಿರುವಿ, "ಪಾಪ, ಆಕೀಗೆ ಏನೂ ಆಗಿಬರ್ತಿರಲಿಲ್ಲೇನು?" ಅಂದರು. ಮುಂದಿನ ಪುಟದಲ್ಲಿ ಉಳ್ಳಾಗಡ್ಡಿ ರೇಟಿತ್ತು.

ಆ ಬರ್ಡ್ ಬಾಯಿಗೆ ನಾವು ಲಿಂಗಾಯತರು ಋಣಿಗಳು. ತತ್ತಿ ಇಲ್ಲದೆ ಕೇಕು ಉಬ್ಬುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಶಾಸ್ತ್ರಕ್ಕಿಂತ ದೊಡ್ಡ ಸಮಾಧಾನ. ಆದರೂ ಅತ್ತೆಯವರ ಗೆಳತಿಯರು ತಿನ್ನುವ ಮುನ್ನ ದನಿ ಇಳಿಸಿ, "ತತ್ತಿ ಹಾಕಿಲ್ಲ ಹೌದಿಲ್ಲೋ?" ಎಂದು ಕೇಳುವುದು ತಪ್ಪಲಿಲ್ಲ. ಕೇಳಿದವರಲ್ಲಿ ಒಬ್ಬರಂತೂ ನಾನು ಇಲ್ಲವೆಂದಾಗ ತುಸು ನಿರಾಶೆಗೊಂಡಂತೆ ನನಗೆ ಕಂಡಿತು.

ಮೈದಾ ಒಲ್ಲೆನೆಂದು ಅತ್ತೆ ಹಟ ಹಿಡಿದ ಮೇಲೆ ಜವೆಗೋಧಿ ಹಿಟ್ಟು ಬಂತು. ಇದು ಲಾಭವೇ ಆಯಿತು. ಜವೆಗೋಧಿಯ ಜಿಗುಟು ಬಲಹೀನ, ಯೀಸ್ಟ್ ಬ್ರೆಡ್ಡಿಗೆ ಅದು ಸಾಲದು. ಸೋಡಾ ಬ್ರೆಡ್ಡಿಗೆ ಜಿಗುಟೇ ಬೇಡ. ಅತ್ತೆ ಎಷ್ಟು ಬಡಿದರೂ ಅಷ್ಟಾಗಿ ಕೆಡದ ಹಿಟ್ಟು ಸಿಕ್ಕಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಆದರೆ ಬಡಿಯುವ ಕೈ ಸೋಡಾದ ಡಬ್ಬಿಗೂ ಹೋಗುತ್ತಿತ್ತು. "ಒಂದ್ ಚಮಚೆ ಎಲ್ಲಿ ಸಾಲತೈತಿ?" ಒಂದು ದಿನ ಸಕ್ಕರೆ ಹಾಕಿ ಮಾಡಿದ್ದರಿಂದ ಹಿಟ್ಟು ಬಿಳಿಚಿ ಕಂಡಿತು. ಕಳೆ ಇಲ್ಲವೆಂದು ಅವರು ಅರಿಷಿಣ ಉದುರಿಸಿದರು. ಸೋಡಾ ಹೆಚ್ಚಾದಲ್ಲಿ ಅರಿಷಿಣ ಕೆಂಪಾಗುತ್ತದೆ. ಅರಿಷಿಣದಿಂದ ಕುಂಕುಮ ಮಾಡುವ ಹಳೆಯ ಉಪಾಯವೂ ಇದೇ. ಕೊಯ್ದು ನೋಡಿದರೆ ಬ್ರೆಡ್ಡಿನ ಉದ್ದಕ್ಕೂ ಕೆಂಪು ಗೆರೆಗಳು. ಮಗಳು ಹೌಹಾರಿದಳು. ಅತ್ತೆ ಕೈಮುಗಿದರು. "ಅರಿಷಿಣ ಹಾಕಿದ್ರ ಕುಂಕುಮ ಕೊಟ್ಟೈತಿ. ಇದನ್ನ ಮೊದಲ ಮುತ್ತೈದೇರಿಗೆ ಕೊಡ್ರಿ."

ಕರೆಂಟಿನ ಮಾತು ಹೇಳದಿದ್ದರೆ ನಮ್ಮ ಕಡೆಯ ಬೇಕಿಂಗಿನ ಚರಿತ್ರೆ ಪೂರ್ತಿಯಾಗದು. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಹಗಲಿರುಳು ರೆಕ್ಕೆ ತಿರುಗಿಸುತ್ತಿರುತ್ತವೆ. ಆ ಕರೆಂಟು ಯಾವ ಊರಿಗೆ ಹೋಗುತ್ತದೋ, ನನ್ನ ಓವನ್ನಿಗಂತೂ ಬ್ರೆಡ್ಡು ಅರ್ಧ ಬೆಂದಾಗಲೇ ಕೈಕೊಡುತ್ತದೆ. ಉಬ್ಬಿದ ಹಿಟ್ಟು ಗಟ್ಟಿಯಾಗುವ ಮುನ್ನ ಶಾಖ ಹೋದರೆ ಒಳಗಿನ ಗಾಳಿ ಕುಗ್ಗಿ ನಡುಭಾಗ ಕುಸಿಯುತ್ತದೆ. ಹೀಗೆ ಕುಸಿದು ಹೊಂಡ ಬಿದ್ದ ಬ್ರೆಡ್ಡನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟರೆ ಅತ್ತೆ ಕೈಹಿಡಿದು ನಿಲ್ಲಿಸಿದರು. ಮೊದಲ ಸಲ ಅವರ ಮುಖದಲ್ಲಿ ಮೆಚ್ಚುಗೆ ಇತ್ತು.

"ಈಗ ನೋಡು ಹದಕ್ಕ ಬಂದೈತಿ. ನಡುವ ಕುಣಿ ಬಿದ್ದೈತಿ. ತುಪ್ಪ ನಿಲ್ಲಾಕ ಜಾಗಾ ಆತು."

ಬಿಸಿ ತುಪ್ಪ ಹೊಂಡದಲ್ಲಿ ನಿಂತಿತು, ಅಂಚಿನಿಂದ ಒಳಗಿಳಿಯಿತು. ಒಪ್ಪಿಕೊಳ್ಳಲೇಬೇಕು, ರುಚಿಯಾಗಿತ್ತು. ಅಲ್ಲಿಂದ ದಾರಿ ತೆರೆದಂತಾಯಿತು. ಎರಡು ದಿನ ಇಟ್ಟು ಒಣಗಿದ ಬ್ರೆಡ್ಡನ್ನು ಅತ್ತೆ ತಿಕ್ಕಿ ಪುಡಿ ಮಾಡಿ, ಒಣಕೊಬ್ಬರಿ, ಯಾಲಕ್ಕಿ, ಹುರಿದ ಗಸಗಸೆ ಬೆರೆಸಿ, ಮೇಲೆ ಕಾಸಿದ ಹಾಲು ಸುರಿದು ಬಾಳೆಹಣ್ಣಿನ ಮಾದಲಿ ಎಂದು ಬಡಿಸಿದರು. ಮಗಳು ಇಂಗ್ಲಿಷಿನಲ್ಲಿ ಏನೋ ಗೊಣಗಿದಳು, ಆಮೇಲೆ ಎರಡನೇ ಸಲ ಹಾಕಿಸಿಕೊಂಡಳು. ಈಗ ನಮ್ಮ ಮನೆಯಲ್ಲಿ ಬನಾನಾ ಬ್ರೆಡ್ ಎಂಬುದು ಮಾದಲಿಯ ಕಚ್ಚಾಮಾಲು.

ಮಾವಿನ ಹಣ್ಣು, ಚಿಕ್ಕು ಇವೆಲ್ಲ ಸುಲಭದವು, ಅವುಗಳ ಮಾತು ಬಿಡಿ. ಅತ್ತೆಯ ತವರಿನವರು ಮುಂಡರಗಿ ತಾಲೂಕಿನವರಾದ್ದರಿಂದ ಡಂಬಳದ ಪೇರಲ ಚೀಲಗಟ್ಟಲೆ ಬರುತ್ತದೆ. ಬೇಯಿಸಿ, ಜರಡಿಯಲ್ಲಿ ತಿಕ್ಕಿ ಬೀಜ ತೆಗೆದು ಮಫಿನ್ ಮಾಡಿದರೆ ಓಣಿಯ ತಿರುವಿನವರೆಗೂ ಘಮ. ನಮ್ಮ ಮನೆಯವರು ತಿಂದು, "ಚೊಲೋ ಐತಿ, ಜರಾ ಉಪ್ಪು ಖಾರಪುಡಿ ಕೊಡು" ಎಂದು ಅದ್ದಿಕೊಂಡರು. ನನಗೆ ಸೋಲು ಕಲಿಸಿದ್ದು ಸೀತಾಫಲ. ಅಕ್ಟೋಬರಿನ ಹೊತ್ತಿಗೆ ಕಪ್ಪತಗುಡ್ಡದ ಸುತ್ತಿನ ಹಣ್ಣು ಬುಟ್ಟಿಗಳಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಬಂದು ಕೂರುತ್ತದೆ. ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದಕ್ಕೂ ಬಹಳ ಮೊದಲಿನಿಂದ ಅದು ನಮಗೆ ಔಷಧಿ ಗಿಡಗಳ ಗುಡ್ಡ. ಬೀಜ ಬಿಡಿಸಿ ಬಿಡಿಸಿ ಬೆರಳು ಸೋತು ಮಾಡಿದ ಸೀತಾಫಲದ ಮಫಿನ್ ಬಾಯಿಗಿಟ್ಟರೆ ಕಹಿ. ಸುಮಾರು 65 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಆ ತಿರುಳು ಕಹಿಯಾಗುತ್ತದೆಂದು ಆಮೇಲೆ ತಿಳಿಯಿತು. ಅತ್ತೆಗೆ ಮಾತ್ರ ಆಶ್ಚರ್ಯವಾಗಲಿಲ್ಲ: "ಔಷಧಿ ಗುಡ್ಡದ ಹಣ್ಣು, ಕಹಿ ಇರೂದ." ಅವರು ಹೇಳಿದ ಪರಿಹಾರವೇ ಈಗಲೂ ಜಾರಿಯಲ್ಲಿದೆ. ಮಫಿನ್ ಬರೀ ಯಾಲಕ್ಕಿ ಹಾಕಿ ಸುಡುವುದು, ಹಸಿ ಸೀತಾಫಲದ ತಿರುಳನ್ನು ತಣ್ಣನೆ ಬಾಸುಂದಿಯಲ್ಲಿ ಬೆರೆಸಿ ಬದಿಗಿಡುವುದು, ಹಚ್ಚಿಕೊಂಡು ತಿನ್ನುವುದು.

ಶಿರಹಟ್ಟಿಯ ನನ್ನ ತಂಗಿಯ ಬಳಿ ಓವನ್ ಇಲ್ಲ. ಅವಳು ಕುಕ್ಕರಿನ ಗ್ಯಾಸ್ಕೆಟ್ಟು ಸೀಟಿ ತೆಗೆದು, ತಳಕ್ಕೆ ಉಸುಕು ಹರವಿ, ಮೇಲೆ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಸುಡುತ್ತಾಳೆ. ಕರೆಂಟಿನ ಹಂಗಿಲ್ಲ. ಉಸುಕು ಮಾತ್ರ ತುಂಗಭದ್ರೆಯದೇ ಆಗಬೇಕಂತೆ, ಬೇರೆಯದು ಸಮ ಕಾಯುವುದಿಲ್ಲವಂತೆ. ಪರ್ಮಿಟ್ಟಿಲ್ಲದ ಉಸುಕಿನ ಲಾರಿಗಳ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಅವಳ ಗಂಡ ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಾನೆ.

ಅವಳಿಗೂ ನನಗೂ ಈ ಚಟ ಹತ್ತಿದ್ದು ಲಕ್ಷ್ಮೇಶ್ವರದ ತವರಿನಲ್ಲಿ ಎಂದು ನನ್ನ ಲೆಕ್ಕ. ಮನೆಯಲ್ಲಿ ಓವನ್ ಎಂಬುದೇ ಇಲ್ಲದ ಕಾಲ. ದೀಪಾವಳಿಗೆ ಮುಂಚೆ ಅವ್ವ ಹಿಟ್ಟು, ಸಕ್ಕರೆ, ತುಪ್ಪ ಕಟ್ಟಿಕೊಂಡು ಬೇಕರಿಯ ಭಟ್ಟಿಗೆ ಹೋಗುತ್ತಿದ್ದಳು, ನಾನ್‌ಕಟಾಯಿ ಸುಡಿಸಲು. ಭಟ್ಟಿಯವನು ಉದ್ದನೆಯ ಹಿಡಿಕೆಯ ಸಲಿಕೆಯಿಂದ ತಗಡಿನ ಟ್ರೇಗಳನ್ನು ಬೆಂಕಿಯ ಹೊಟ್ಟೆಗೆ ತಳ್ಳುವನು. ಯಾರ ಟ್ರೇ ಯಾವುದೆಂದು ಸೀಮೆಸುಣ್ಣದ ಗುರುತು. ಹೆಂಗಸರು ಮಾತಾಡುತ್ತ ಕುಳಿತಿದ್ದರೂ ಕಣ್ಣು ಟ್ರೇಗಳ ಮೇಲೆಯೇ: ತಮ್ಮ ತುಪ್ಪದ್ದು ಹೋಗಿ ಪಕ್ಕದವಳ ಡಾಲ್ಡಾದ್ದು ಬಂದೀತೆಂಬ ಭಯ. ಪ್ರತಿಯೊಬ್ಬಳೂ ತನ್ನದು ತುಪ್ಪದ್ದೆಂದೇ ಹೇಳುತ್ತಿದ್ದಳು. ಹೊರಬಂದ ನಾನ್‌ಕಟಾಯಿಯ ನೆತ್ತಿ ಬಿರುಕು ಬಿಟ್ಟಿರುತ್ತಿತ್ತು, ಬಿರುಕಿನೊಳಗೆ ಇನ್ನೂ ಹಸಿಬಿಸಿ. ಮನೆ ಮುಟ್ಟುವವರೆಗೆ ಡಬ್ಬಿ ತೆರೆಯಕೂಡದೆಂದು ಅವ್ವನ ಕಟ್ಟಪ್ಪಣೆ. ಡಬ್ಬಿ ಹೊರುವವರು ನಾವು.

ಬೆಟಗೇರಿಯಲ್ಲಿ ಕೇಕಿಗೆ ಇನ್ನೂ ಹಳೆಯ ಬೇರಿದೆ. ಬಾಸೆಲ್ ಮಿಷನ್ನಿನವರು 1841ರಲ್ಲೇ ಇಲ್ಲಿಗೆ ಬಂದರು. ಅವರ ಆಸ್ಪತ್ರೆ ಊರವರ ಬಾಯಲ್ಲಿ ಜರ್ಮನ್ ಆಸ್ಪತ್ರೆ. ನಮ್ಮ ಓಣಿಯ ನಿವೃತ್ತ ಅಕ್ಕೋರು ಕ್ರಿಸ್‌ಮಸ್ಸಿಗೆ ಕಳಿಸುವ ತಾಟಿನಲ್ಲಿ ಒಣದ್ರಾಕ್ಷಿಯ ಕೇಕಿನ ಹೋಳಿನ ಜೊತೆ ಕರ್ಚಿಕಾಯಿ, ಚಕ್ಕುಲಿ, ಖಾರ ಶೇವು ಇರುತ್ತವೆ. ಅತ್ತೆ ಆ ತಾಟನ್ನು ನನ್ನ ಮುಂದೆ ಹಿಡಿದು, "ನೋಡು, ಅಕ್ಕೋರಿಗೆ ತಿಳಿವಳಿಕಿ ಐತಿ. ಸಿಹಿ ಒಂದನ್ನ ಕಳಿಸಿಲ್ಲ" ಅಂದರು. ಉತ್ತರ ಕೊಡಲು ನನ್ನ ಬಾಯಲ್ಲಿ ಚಕ್ಕುಲಿ ಇತ್ತು.

ಹೆಸರು ಹಬ್ಬಿದರೆ ಆರ್ಡರು ಬರುತ್ತದೆ. ಮುಂಡರಗಿಯಲ್ಲಿ ಅತ್ತೆಯ ತಮ್ಮನ ಮೊಮ್ಮಗಳ ಕುಬಸಕ್ಕೆ ಮಫಿನ್ ಮಾಡಿಕೊಂಡು ಬರಬೇಕೆಂದು ಹೇಳಿಕಳಿಸಿದರು. ನಾನು ಅಂಗಡಿಯಿಂದ ನೆರಿಗೆ ನೆರಿಗೆಯ ಕಾಗದದ ಬಟ್ಟಲು ತಂದು, ಪೇರಲದ್ದು ಒಂದು ಬುಟ್ಟಿ, ಬಾಳೆಹಣ್ಣಿನದು ಒಂದು ಬುಟ್ಟಿ ಸುಟ್ಟು, ಮಡಿಲ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪಂಕ್ತಿಯಲ್ಲಿ ಹೋಳಿಗೆಯ ಪಕ್ಕ ಒಂದೊಂದು ಮಫಿನ್ ಇಟ್ಟರು. ಹುಡುಗರು ಕಾಗದ ಸುಲಿದು ತಿಂದರು. ಬೀಗರ ಕಡೆಯ ಹಿರಿಯರೊಬ್ಬರು, ಬಿಳಿ ಪಟಕಾ ಸುತ್ತಿದವರು, ಅದನ್ನು ತುಪ್ಪದಲ್ಲಿ ಅದ್ದಿ ಇಡಿಯಾಗಿ ಬಾಯಿಗಿಟ್ಟು ನಿಧಾನವಾಗಿ ಜಗಿಯತೊಡಗಿದರು. ಜಗಿದರು, ಇನ್ನೂ ಜಗಿದರು. ನಾನು ತುಪ್ಪದ ಗಿಂಡಿ ಹಿಡಿದು ಎದುರಿಗೇ ನಿಂತಿದ್ದೆ. ಎಲೆಯ ಬದಿಗೆ ಕಾಗದ ಕಾಣಲಿಲ್ಲ. ಕೆಳಗೂ ಇರಲಿಲ್ಲ. ಅವರು ನುಂಗಿ, ನೀರು ಕುಡಿದು, ಮೀಸೆ ಒರೆಸಿಕೊಂಡು ನನ್ನ ಕಡೆ ನೋಡಿದರು.

"ಒಳಗಿನ ಹೂರಣ ಭಾಳ ಚೊಲೋ ಆಗೈತಿ ನೋಡವಾ. ಮ್ಯಾಲಿನ ಕಣಕ ಜರಾ ನಾರು ನಾರು ಬಂದೈತಿ."

"ಹೌದ್ರಿ, ಮುಂದಿನ ಸಲ ತೆಳ್ಳಗ ಲಟ್ಟಸ್ತೀನ್ರಿ" ಅಂದೆ. ಇನ್ನೊಂದು ಹಾಕೆಂದು ಅವರು ಎಲೆ ಮುಂದಕ್ಕೆ ಸರಿಸಿದರು.