ಟ್ರ್ಯಾಮಿನ ಕೊನೆಯ ಸ್ಟಾಪು ಪರದೇಶ

ಬಾಸೆಲ್‌ನಲ್ಲಿ ಮನೆ ಮಾಡಿದವರಿಗೆ ಪರದೇಶವೆಂದರೆ ಟ್ರ್ಯಾಮಿನ ಕೊನೆಯ ಸ್ಟಾಪು. ಎಂಟನೇ ನಂಬರಿನ ಟ್ರ್ಯಾಮು 2014ರಿಂದ ಜರ್ಮನಿಯ ವೈಲ್ ಆಮ್ ರೈನ್‌ಗೆ ಹೋಗುತ್ತದೆ. ಮೂರನೇ ನಂಬರಿನದು 2017ರಿಂದ ಫ್ರಾನ್ಸಿನ ಸಾಂ ಲೂಯಿಗೆ. ಊರು ಸ್ವಿಟ್ಜರ್ಲೆಂಡಿನದು, ಅದರ ವಿಮಾನ ನಿಲ್ದಾಣ ಇರುವುದು ಫ್ರಾನ್ಸಿನ ನೆಲದಲ್ಲಿ. ಊರೊಳಗಿನ ದೊಡ್ಡ ರೈಲು ನಿಲ್ದಾಣಗಳಲ್ಲಿ ಒಂದನ್ನು ನಡೆಸುವುದು ಜರ್ಮನಿಯ ರೈಲ್ವೆ, ಅದೂ 1852ರ ಒಪ್ಪಂದವೊಂದರ ಬಲದ ಮೇಲೆ. ಹೀಗಾಗಿ ವಿದೇಶಯಾತ್ರೆಗೆ ಇರಬೇಕಾದ ಗಾಂಭೀರ್ಯ ಇಲ್ಲಿ ಉಳಿದೇ ಇಲ್ಲ. ನಾನು ಮೊದಲು ಊರು ಬಿಟ್ಟಾಗ ಬೀಳ್ಕೊಡಲು ದೊಡ್ಡಪ್ಪ ಚಿಕ್ಕಪ್ಪಂದಿರೆಲ್ಲ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬೆಂಗಳೂರಿನ ತನಕ ಬಂದಿದ್ದರು. ಈಗ ಕೈಚೀಲ ಹಿಡಿದು ಹೊರಟರೆ ಹೆಂಡತಿ ತಲೆಯನ್ನೂ ಎತ್ತದೆ, "ಜರ್ಮನಿಗಾ? ಹಾಗೇ ಕೊತ್ತಂಬರಿ ಸೊಪ್ಪು ತನ್ನಿ" ಅನ್ನುತ್ತಾಳೆ.

ಮೊದಮೊದಲು ನಾವೂ ನೆರೆದೇಶಗಳನ್ನು ಕಣ್ಣಿಂದಲೇ ನೋಡುತ್ತಿದ್ದೆವು. ಫ್ರಾನ್ಸಿನ ಅಲ್ಸಾಸ್ ಸೀಮೆಯ ಹಳ್ಳಿಗಳಲ್ಲಿ ಮಾಡಿನ ಮೇಲೆ ಗೂಡು ಕಟ್ಟಿದ ಕೊಕ್ಕರೆಗಳನ್ನು ಎಣಿಸಿದೆವು. ಜರ್ಮನಿಯ ಕಪ್ಪುಕಾಡಿನ ಟಿಟಿಸೇ ಸರೋವರದ ಬಳಿ ಕೋಗಿಲೆ ಗಡಿಯಾರಗಳ ಬೆಲೆ ಕೇಳಿ ಅವನ್ನು ಇದ್ದ ಜಾಗದಲ್ಲೇ ಕೂಗಲು ಬಿಟ್ಟೆವು. ಫ್ರೈಬುರ್ಗ್‌ನ ಬೀದಿಬದಿಯಲ್ಲಿ ಪಾದ ಮುಳುಗುವಷ್ಟು ನೀರಿನ ಕಿರುಕಾಲುವೆಗಳು ಹರಿಯುತ್ತವೆ. ಅವುಗಳಲ್ಲಿ ಆಯತಪ್ಪಿ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುತ್ತಾರೆಂಬ ಪ್ರತೀತಿ. ಅದು ಕಿವಿಗೆ ಬಿದ್ದ ಮೇಲೆ ಹೆಂಡತಿ ಊರು ದಾಟುವ ತನಕ ನನ್ನ ಮೊಣಕೈ ಬಿಡಲಿಲ್ಲ. ಪ್ರೀತಿಯೆಂದುಕೊಂಡು ನಾನೂ ಹಿಗ್ಗಿದೆ.

ನೋಡುವುದು ಮುಗಿದ ಮೇಲೆ ಶುರುವಾಗುವುದೇ ನಿಜವಾದ ಸಂಬಂಧ: ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗುವಂಥದ್ದು. ಸ್ವಿಟ್ಜರ್ಲೆಂಡಿನ ಸಂಬಳ ಚೆನ್ನ, ಬೆಲೆಗಳು ಮಾತ್ರ ಆ ಸಂಬಳವನ್ನು ಚೆನ್ನಾಗಿ ಬಲ್ಲವು. ಆದ್ದರಿಂದ ಶನಿವಾರ ಬಂತೆಂದರೆ ಅರ್ಧ ಬಾಸೆಲ್ ಟ್ರಾಲಿ ಎಳೆದುಕೊಂಡು ವೈಲ್‌ನಲ್ಲಿರುತ್ತದೆ. ಸ್ವಿಸ್ ಸುಂಕದವರು ಇದನ್ನು ಬಲ್ಲವರೇ. ದಿನಕ್ಕೆ ತಲೆಗೊಂದು ಕಿಲೋ ಮಾಂಸ, ಒಂದು ಕಿಲೋ ಬೆಣ್ಣೆಗೆ ಸುಂಕವಿಲ್ಲ; ಒಟ್ಟು ಸಾಮಾನಿನ ಬೆಲೆ 150 ಫ್ರಾಂಕ್ ದಾಟಿದರೆ ತೆರಿಗೆ. 2024ರ ಕೊನೆಯವರೆಗೆ ಈ ಮಿತಿ 300 ಇತ್ತು. ಅದನ್ನು ಅರ್ಧಕ್ಕಿಳಿಸಿದಾಗ ಆಫೀಸಿನ ಕಾಫಿ ಯಂತ್ರದ ಬಳಿ ಕಂಡ ದುಃಖವನ್ನು ನಾನು ಯಾವ ಫುಟ್‌ಬಾಲ್ ಸೋಲಿನಲ್ಲೂ ಕಂಡಿಲ್ಲ.

ಈ ಕಾನೂನಿನಿಂದ ನನ್ನಂಥ ಸಸ್ಯಾಹಾರಿಗೆ ಸಮಾಜದಲ್ಲಿ ಒಂದು ಸ್ಥಾನ ಸಿಕ್ಕಿತು. ನನ್ನ ಪಾಲಿನ ಒಂದು ಕಿಲೋ ಮಾಂಸ ಪ್ರತಿ ಸಲವೂ ಖಾಲಿ ಉಳಿಯುತ್ತದೆಂದು ತಿಳಿದ ಸಹೋದ್ಯೋಗಿಗಳು, ಮನೆಯಲ್ಲಿ ಮಾಂಸ ಸುಡುವ ಸಮಾರಂಭವಿದ್ದಾಗ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಜರ್ಮನಿಗೆ ಒಯ್ಯುತ್ತಾರೆ. ಹೋಗುವಾಗ ನಾನು ಗೆಳೆಯ, ಬರುವಾಗ ಒಂದು ಕಿಲೋ.

ಮಾವನವರೂ ಅತ್ತೆಯೂ ಶಿವಮೊಗ್ಗದಿಂದ ಬಂದಾಗ ನಮ್ಮ ಬೆಣ್ಣೆಯ ಪಾಲು ಎರಡರಿಂದ ನಾಲ್ಕು ಕಿಲೋಗೆ ಏರಿತು. ಅತ್ತೆ ತುಪ್ಪ ಕಾಯಿಸುವುದರಲ್ಲಿ ತೊಡಗಿದರು. ಮಾವನವರ ಗುರಿ ಬೇರೆ. ಬ್ಯಾಂಕಿನಿಂದ ನಿವೃತ್ತರಾದವರು, ನೋಡಿದ ದೇಶಗಳಿಗೆ ಡೈರಿಯ ಹಿಂಭಾಗದಲ್ಲಿ ಖಾತೆ ತೆರೆದಿದ್ದರು. ಅವರನ್ನು ಬಾಸೆಲ್ ಬಂದರಿನ ಬಳಿ ಮೂರು ದೇಶಗಳ ಗುರುತಾಗಿ ನಿಲ್ಲಿಸಿರುವ ಕಂಬದ ಹತ್ತಿರ ಕರೆದೊಯ್ದೆ. ಅದಕ್ಕೆ ಪ್ರದಕ್ಷಿಣೆ ಹಾಕಿ, "ಒಂದು ನಿಮಿಷಕ್ಕೆ ಮೂರು ದೇಶ, ಅಳಿಯಂದಿರೇ!" ಎಂದರು. ಗಡಿಗಳು ನಿಜವಾಗಿ ಕೂಡುವುದು ರೈನ್ ನದಿಯ ನಡುನೀರಿನಲ್ಲಿ. ಕಂಬ ಸುತ್ತಿದವರು ಸ್ವಿಟ್ಜರ್ಲೆಂಡ್ ಬಿಟ್ಟು ಒಂದು ಅಂಗುಲವೂ ಅಲುಗಿರುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾವ ಅಳಿಯನಿಗೂ ಇರಕೂಡದು.

ಆದರೆ ಲೆಕ್ಕಕ್ಕೆ ವೋಚರ್ ಬೇಕಲ್ಲ. ಜರ್ಮನಿಗೆ ಹೋದರು, ಫ್ರಾನ್ಸಿಗೆ ಹೋದರು. ಷೆಂಗೆನ್ ಒಪ್ಪಂದದ ದೇಶಗಳ ಒಳಗೆ ಪಾಸ್‌ಪೋರ್ಟಿಗೆ ಠಸ್ಸೆ ಒತ್ತುವವರೇ ಇಲ್ಲ. ಜ್ಯೂರಿಕ್‌ನಲ್ಲಿ ಇಳಿದಾಗ ಬಿದ್ದ ಒಂದೇ ಠಸ್ಸೆಯನ್ನು ಅವರು ದಿನಾ ತೆಗೆದು ನೋಡುತ್ತಿದ್ದರು. ಕೊನೆಗೊಂದು ಶನಿವಾರ ವೈಲ್‌ನ ಸುಂಕದ ಕಟ್ಟೆಗೆ ನನ್ನ ಜೊತೆ ಬಂದರು. ಸ್ವಿಟ್ಜರ್ಲೆಂಡಿನಲ್ಲಿ ವಾಸಿಸುವವರು ಜರ್ಮನಿಯಲ್ಲಿ 50 ಯೂರೋ ಮೀರಿ ಕೊಂಡರೆ ಅಂಗಡಿಯವರು ಕೊಡುವ ಚೀಟಿಗೆ ಇಲ್ಲಿ ಮುದ್ರೆ ಹಾಕಿಸಬೇಕು. ಮುಂದಿನ ಸಲ ಅದನ್ನು ತೋರಿಸಿದರೆ ಅಲ್ಲಿನ ತೆರಿಗೆ ವಾಪಸು. ಅಧಿಕಾರಿ ನಮ್ಮ ಶಾಂಪೂ, ಸೋಪಿನ ಪುಡಿಯ ಚೀಟಿಗೆ ಧಡ್ಡನೆ ಮುದ್ರೆ ಒತ್ತಿದ. ಮಾವನವರು ಪಾಸ್‌ಪೋರ್ಟನ್ನು ಅರ್ಧ ಹೊರಗೆಳೆದು, ಆತನ ಮುಖ ನೋಡಿ, ಮತ್ತೆ ಜೇಬಿಗಿಳಿಸಿದರು. "ಸೋಪಿನ ಪುಡಿಗಿರುವ ಮರ್ಯಾದೆ ಮನುಷ್ಯರಿಗಿಲ್ಲವಲ್ಲ!"

ಆ ನಷ್ಟವನ್ನು ಅಲ್ಸಾಸಿನ ಕೋಲ್ಮಾರ್ ತುಂಬಿಕೊಟ್ಟಿತು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಶಿಲ್ಪಿ ಬಾರ್ತೋಲ್ಡಿ ಹುಟ್ಟಿದ್ದು ಆ ಊರಿನಲ್ಲಿ. ಊರು ಹೊಗುವಲ್ಲಿ ಆಕೆಯ 12 ಮೀಟರಿನ ಪ್ರತಿಕೃತಿ ಇದೆ. ಅದರ ಮುಂದೆ ಮಾವನವರು ಕೋಟು ತೊಟ್ಟು ನಿಂತ ಫೋಟೋ ಒಂದಕ್ಷರದ ವಿವರಣೆಯೂ ಇಲ್ಲದೆ ನಿವೃತ್ತರ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. "ಅಮೆರಿಕಕ್ಕೂ ಹೋದ್ರಾ ರಾಯರೇ?" ಎಂದವರಿಗೆ ಅವರು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದರು. ಸುಳ್ಳು ಹೇಳಲಿಲ್ಲ.

ಇಂಥ ಗಡಿಯೂ ಗಡಿಯೇ ಎಂದು ನಮಗೆ ತಿಳಿದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಬಂದು ದಾರಿಗಳಿಗೆ ಬೇಲಿ ಬಿತ್ತು. ರೈನ್ ನದಿಯ ಮೇಲುಗಡೆ, ಜರ್ಮನಿಯ ಗಡಿಯೂರು ಕೊನ್‌ಸ್ಟಾನ್ಸ್‌ನಲ್ಲಿ ಪ್ರೇಮಿಗಳು ಬೇಲಿಯ ಆಚೆ ಈಚೆ ನಿಂತು ಮಾತಾಡುತ್ತಿದ್ದರು. ಹತ್ತಿರ ಬರುತ್ತಾರೆಂದು ಎರಡನೇ ಬೇಲಿಯನ್ನೂ ಹಾಕಿದರು. ಜೂನ್ 15ಕ್ಕೆ ಗಡಿಗಳು ಪೂರ್ತಿ ತೆರೆದಾಗ ಕಣ್ಣೀರಿಟ್ಟವರಲ್ಲಿ ಪ್ರೇಮಿಗಳೆಷ್ಟೋ, ಗಿರಾಕಿಗಳೆಷ್ಟೋ.

ಇಷ್ಟು ಓಡಾಡಿ ನಾನು ಕಲಿತದ್ದೇನೆಂದರೆ, ನೆರೆದೇಶದ ಚರಿತ್ರೆಯನ್ನು ಮುಚ್ಚಿದ ಅಂಗಡಿಯೇ ಚೆನ್ನಾಗಿ ಕಲಿಸುತ್ತದೆ. ಅಕ್ಟೋಬರ್ 3ಕ್ಕೆ ಜರ್ಮನಿಯ ಬಾಗಿಲು ಹಾಕಿರುತ್ತದೆ; ಎರಡು ಜರ್ಮನಿಗಳು 1990ರಲ್ಲಿ ಒಂದಾದದ್ದು ಅಂದು. ಈಸ್ಟರ್ ಕಳೆದು 60 ದಿನಕ್ಕೆ ಬರುವ ಗುರುವಾರ ವೈಲ್‌ಗೆ ರಜೆ, ಬಾಸೆಲ್‌ಗಿಲ್ಲ. ಕ್ಯಾಥೊಲಿಕರ ಹಬ್ಬಕ್ಕೂ ಪ್ರಾಟೆಸ್ಟಂಟರ ಊರಿಗೂ ಇರುವ ಹಳೆಯ ದೂರ ಅದು. ಆಗಸ್ಟ್ 1 ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ದಿನ. 1291ರ ಒಕ್ಕೂಟದ ನೆನಪಿಗೆ ಎಲ್ಲ ಅಂಗಡಿಗಳೂ ಬಂದ್. ಹಿಂದಿನ ರಾತ್ರಿ ರೈನ್ ದಡದಲ್ಲಿ ಪಟಾಕಿ ನೋಡಿ ಎದೆಯುಬ್ಬಿಸಿದ ಬಾಸೆಲ್‌ನ ದೇಶಭಕ್ತರು, ಬೆಳಗಾಗುತ್ತಲೇ ಎಂಟನೇ ನಂಬರಿನ ಟ್ರ್ಯಾಮು ಹಿಡಿದು ಜರ್ಮನಿಯ ಮಾಲ್‌ಗಳಲ್ಲಿ ತಮ್ಮ ಸ್ವಾತಂತ್ರ್ಯವನ್ನು ಆಚರಿಸುತ್ತಾರೆ.