ಬಿಟ್ಟುಬಿಟ್ಟೆ ಅಂದರೆ…

ತ್ಯಜಿಸುವುದೆಲ್ಲ ಸ್ವಾಮಿಗಳ ಬಾಬತ್ತು. ನಮ್ಮಂಥ ಸಂಸಾರಿಗಳ ಪಾಲಿಗೆ ಇರುವುದು ‘ಬಿಡು’ ಒಂದೇ. ಆದರೆ ಅದು ನಂಬಿಕಸ್ಥ ಕ್ರಿಯಾಪದವಲ್ಲ. ಮನೆ ಬಿಟ್ಟವನು ಹೊರಟುಹೋದ, ಬೀಡು ಬಿಟ್ಟವನು ಬಂದು ಕೂತ. ಮೀಸೆ ಬಿಟ್ಟ ಅಂದರೆ ಬೋಳಿಸಿದ ಎಂದುಕೊಳ್ಳಬೇಡಿ, ಬೆಳೆಸಿದ್ದಾನೆ. ಮಸಾಲೆ ದೋಸೆಗೆ ಪ್ರಾಣ ಬಿಡುವವರು ಎಂಬತ್ತು ದಾಟಿ ಗಟ್ಟಿಮುಟ್ಟಾಗಿದ್ದಾರೆ. ಪೂರ್ತಿ ಸಂಬಂಧ ಹರಿಯಬೇಕೆಂದರೆ ಎಳ್ಳುನೀರು ಬಿಡಬೇಕಂತೆ. ಬಿಟ್ಟವನೇ ವರ್ಷಕ್ಕೊಮ್ಮೆ ಕರೆದು ವಡೆ ಪಾಯಸ ಬಡಿಸುತ್ತಾನೆ.

ಈ ಪದದ ನಿಜವಾದ ಪರೀಕ್ಷೆ ನಡೆಯುವುದು ಗಯೆಯಲ್ಲಿ. ಪಿಂಡ ಇಟ್ಟ ಮೇಲೆ ಅಕ್ಷಯವಟದ ಕೆಳಗೆ ಪ್ರಿಯವಾದ ಒಂದು ಹಣ್ಣು, ಒಂದು ತರಕಾರಿ ಬಿಡಬೇಕೆಂಬುದು ಪದ್ಧತಿ. ಊರಿಗೆ ಮರಳಿದ ಮೇಲೆ ಗಯೆಯ ಹೆಸರು ಯಾರೂ ಎತ್ತುವುದಿಲ್ಲ. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಕಾಶೀಲಿ ಬಿಟ್ಟಿದ್ದೀನಿ’ ಅಂದರೆ ಮುಗಿಯಿತು, ಬಡಿಸುವವನು ಮುಂದಿನ ಎಲೆಗೆ. ‘ಪ್ರಿಯವಾದ’ ಅನ್ನುವ ವಿಶೇಷಣ ಮಾತ್ರ ರೈಲು ಮೊಘಲ್‌ಸರಾಯಿ ದಾಟುವಷ್ಟರಲ್ಲಿ ಎಲ್ಲೋ ಕಳಚಿಬಿದ್ದಿರುತ್ತದೆ. ನಮ್ಮ ದೊಡ್ಡಪ್ಪ ಬಿಟ್ಟದ್ದು ಹಾಗಲಕಾಯಿ ಮತ್ತು ಅಂಜೂರ. ಹಾಗಲಕಾಯಿಯನ್ನು ಅವರು ಹುಟ್ಟಿದಾಗಿನಿಂದ ಮುಟ್ಟಿದವರಲ್ಲ. ಅಂಜೂರ ಅವರೂರಿನ ಸಂತೆಯನ್ನೇ ಕಂಡಿರಲಿಲ್ಲ. ದೊಡ್ಡಮ್ಮ ನಿಷ್ಠಾವಂತೆ, ಮಾವಿನಹಣ್ಣನ್ನೇ ಬಿಟ್ಟರು. ಬಿಟ್ಟದ್ದು ಹಣ್ಣು, ಕಾಯಿಗೂ ಅದಕ್ಕೂ ಏನು ಸಂಬಂಧ? ಯುಗಾದಿಯ ಮಾವಿನಕಾಯಿ ಚಿತ್ರಾನ್ನ, ಮಿಡಿ ಉಪ್ಪಿನಕಾಯಿ ಸಾಂಗವಾಗಿ ನಡೆದವು. ರಸ ಒಣಗಿಸಿದ ಮಾಂಬಳದ ವಿಷಯದಲ್ಲಿ ಸಣ್ಣ ಧರ್ಮಸಂಕಟ ಎದ್ದು ಪುರೋಹಿತರನ್ನು ಕೇಳಲಾಯಿತು. ಕೇಳುವ ಮುಂಚೆ ಅವರ ಕೈಗೂ ಒಂದು ತುಂಡು ಇಟ್ಟಿದ್ದರಿಂದ ತೀರ್ಪು ಅನುಕೂಲವಾಗಿಯೇ ಬಂತು.

ಬಿಟ್ಟರೆ ಬಾಹುಬಲಿಯ ಹಾಗೆ ಬಿಡಬೇಕು. ಅಣ್ಣ ಭರತನನ್ನು ಗೆದ್ದು, ಕೈಗೆ ಬಂದ ರಾಜ್ಯವನ್ನೇ ಬಿಟ್ಟು ನಿಂತ. ಆದರೆ ನಾವು ಅವನನ್ನು ಬಿಟ್ಟೆವೇ? ಉಡುಗೆಯನ್ನೂ ಒಲ್ಲದವನಿಗೆ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿಯ ವಿಗ್ರಹ. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಅಟ್ಟಣಿಗೆ ಕಟ್ಟಿ ಹಾಲು, ಕಬ್ಬಿನ ಹಾಲು, ಅರಿಶಿನ, ಚಂದನ ಕೊಡಗಟ್ಟಲೆ ಸುರಿಯುತ್ತೇವೆ. 2018ರಲ್ಲೂ ಸುರಿದೆವು. ಪಾಪ, ಬೇಡವೆಂದು ಹೇಳೋಣವೆಂದರೆ ಮಾತನ್ನೂ ಬಿಟ್ಟಿದ್ದಾನೆ.

ಇನ್ನು ವ್ಯಾಕರಣ. ‘ಬಿಡು’ ಬೇರೊಂದು ಕ್ರಿಯಾಪದದ ಬಾಲ ಹಿಡಿದರೆ ಕೆಲಸ ಪೂರ್ತಿ ಆಯಿತು, ಹಿಂದೆಗೆಯುವ ಮಾತೇ ಇಲ್ಲ ಅಂತ ಅರ್ಥ. ತಿಂದೆ ಅನ್ನುವವನ ತಟ್ಟೆಯಲ್ಲಿ ಏನಾದರೂ ಉಳಿದಿದ್ದೀತು. ತಿಂದುಬಿಟ್ಟೆ ಅನ್ನುವವನದರಲ್ಲಿ ಕರಿಬೇವೂ ಇರುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಬರೀ ‘ಬಿಟ್ಟೆ’ ಅಂದರೆ ನಂಬುವುದಿಲ್ಲ, ‘ಬಿಟ್ಟುಬಿಟ್ಟೆ’ ಅನ್ನಿಸುತ್ತಾರೆ, ಬಾಗಿಲಿಗೆ ಎರಡೆರಡು ಬೀಗ ಹಾಕಿದ ಹಾಗೆ. ನನ್ನ ಮಿತ್ರರೊಬ್ಬರು ಡಾಕ್ಟರ ಮಾತಿಗೆ ಹೀಗೇ ಕಾಫಿ ಬಿಟ್ಟುಬಿಟ್ಟಿದ್ದರು. ಮೊನ್ನೆ ದರ್ಶಿನಿಯ ಕಟ್ಟೆಯ ಹತ್ತಿರ ಸಿಕ್ಕರು, ಕೈಯಲ್ಲಿ ಲೋಟ, ಮೀಸೆಯಲ್ಲಿ ನೊರೆ.

“ಬಿಟ್ಟುಬಿಟ್ಟಿದ್ದೆ ಮಾರಾಯ್ರೆ. ಇವತ್ತು ಕುಡಿದುಬಿಟ್ಟೆ.”

“ಹೋಗಲಿ ಬಿಡಿ,” ಅಂದೆ. “ನನಗೂ ಒಂದು ಹೇಳಿ.”