ಕಾರಿನ ಬಾಗಿಲಲ್ಲಿ ಚೌಕುಳಿ ಲುಂಗಿ

ಮೊನ್ನೆ ಭಾನುವಾರ ಹತ್ತು ಗಂಟೆಯ ಬಿಸಿಲಲ್ಲಿ ಪಕ್ಕದ ಮನೆ ರಾಯರು ಕಾಂಪೌಂಡಿನ ಮೇಲಿಂದ ಮೊಬೈಲು ಚಾಚಿ, "ಇದು ನಮ್ಮ ಕಾರೇನ್ರೀ?" ಎಂದು ಕೇಳಿದರು. ಇಪ್ಪತ್ತೈದು ವರ್ಷದಿಂದ ಅವರ ಗೇಟಿನ ಮುಂದೆ ನಿಂತಿರುವ ಕೆಂಪು ಮಾರುತಿ 800 ನನಗೆ ಗೊತ್ತಿಲ್ಲದ್ದೇ? ಆದರೆ ಫೋಟೋದಲ್ಲಿದ್ದದ್ದು ನೆಗಡಿಯಾಗಿ ಮೂಗು ಊದಿಸಿಕೊಂಡ ಕಪ್ಪೆ. ಮುಂಭಾಗ ಇಷ್ಟಗಲ, ಹಿಂಭಾಗ ಬೆಂಕಿಪೊಟ್ಟಣ. ಸಾಲದ್ದಕ್ಕೆ ಎಡಬಾಗಿಲಿನ ತುಂಬ ನೀಲಿ ಚೌಕುಳಿ ಲುಂಗಿ, ಅದರ ಮೇಲೆ ಬನಿಯನ್ನು, ಬನಿಯನ್ನಿನ ಮುಂದೆ ಮೊಬೈಲು ಹಿಡಿದ ಎರಡು ಕೈ. ರಾಯರು ತಮ್ಮನ್ನು ತಾವೇ ಸೆರೆಹಿಡಿದುಕೊಂಡಿದ್ದರು.

ಮಗನ ಒತ್ತಾಯಕ್ಕೆ ಕಾರು ಮಾರಲು ಹೊರಟಿದ್ದಾರೆ ಪಾಪ. ಈ ಫೋಟೋ ಹಾಕಿ ವಾರವಾಯಿತಂತೆ, ಬಂದದ್ದು ಒಂದೇ ಫೋನು. "ಆಕ್ಸಿಡೆಂಟ್ ಗಾಡಿನಾ ಸಾರ್?" ಎಂದು ಕೇಳಿ ಇಟ್ಟನಂತೆ.

ನನಗೆ ಫೋಟೋ ಹುಚ್ಚಿರುವುದು ಬೀದಿಗೆಲ್ಲ ಗೊತ್ತು. ನಾನು ತೆಗೆದ ಫೋಟೋ ಮಾತ್ರ ಯಾರೂ ನೋಡಿಲ್ಲ. ಆದರೂ ಕೇಳುವವರು ಸಿಕ್ಕಾಗ ಹೇಳದಿರುವುದು ಹೇಗೆ? ಗೋಡೆಗೆ ಮೊಣಕೈ ಊರಿ ಶುರುಮಾಡಿದೆ. "ರಾಯರೇ, ಕಾರು ಅಂದರೆ ಚಕ್ರವಿರುವ ಕನ್ನಡಿ. ನೀವು ಕೆಂಪು ಬಣ್ಣದ ಫೋಟೋ ತೆಗೀತಿದೀನಿ ಅಂದ್ಕೊಂಡಿದೀರಿ. ಅಲ್ಲಿ ಬಂದಿರೋದು ಎದುರು ಮನೆ ಗೇಟು, ತಂತಿ ಮೇಲೆ ಒಣಗೋ ಬಟ್ಟೆ, ತಲೆ ಮೇಲಿನ ಕೇಬಲ್ಲು, ಆಮೇಲೆ ತಾವು. ಕಾರನ್ನು ನೋಡೋಕೆ ಮೊದಲು, ಕಾರು ಏನು ನೋಡ್ತಾ ಇದೆ ಅಂತ ನೋಡಬೇಕು."

"ಹಾಗಾದರೆ ಲುಂಗಿ ಬಿಚ್ಚಿಡಬೇಕಾ?" ಎಂದರು. ಬೇಡ, ಕಪ್ಪು ಪ್ಯಾಂಟು ಹಾಕಿಕೊಂಡರೆ ಸಾಕು ಎಂದೆ. ಗಾಢ ಬಣ್ಣದ ಬಟ್ಟೆ ತೊಟ್ಟವನ ಪ್ರತಿಬಿಂಬ ಬಾಗಿಲಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಕಪ್ಪೆ ಮೂಗಿನ ವಿಚಾರ ಬೇರೆ. ಅದು ಲೆನ್ಸಿನ ತಪ್ಪು ಎಂದು ರಾಯರ ವಾದ, ತುಂಬ ಹತ್ತಿರ ನಿಂತವರ ತಪ್ಪು ಎಂದು ನನ್ನದು. ಲೆಕ್ಕ ನೋಡಿ. ಮಾರುತಿ 800ರ ಉದ್ದ ಸುಮಾರು 3.3 ಮೀಟರು. ಮೂತಿಯಿಂದ ಒಂದೂವರೆ ಮೀಟರು ದೂರದಲ್ಲಿ ನಿಂತರೆ ಬಾಲ 4.8 ಮೀಟರು ದೂರವಾಯಿತು, ಅಂದರೆ ಮೂರು ಪಟ್ಟಿಗೂ ಹೆಚ್ಚು. ಮೂತಿಯ ಎದುರು ಬಾಲ ಮೂರನೆಯ ಒಂದು ಪಾಲಿನಷ್ಟಾಗಿ ಕುಗ್ಗದೆ ಇನ್ನೇನಾದೀತು? ಅದೇ ಹತ್ತು ಮೀಟರು ದೂರಕ್ಕೆ ಸರಿದರೆ ಮೂತಿ 10, ಬಾಲ 13.3. ಎಲ್ಲ ಅಳತೆಯೂ ಹೆಚ್ಚುಕಡಿಮೆ ಇದ್ದಂತೆಯೇ ಕಾಣುತ್ತದೆ. ಮೊಬೈಲಿನ ಮಾಮೂಲಿ ಲೆನ್ಸು ಹಳೆಯ ಫಿಲ್ಮು ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 26 ಮಿಲಿಮೀಟರಿನದು, ಎದುರಿಗಿರುವುದನ್ನೆಲ್ಲ ಬಾಚಿಕೊಳ್ಳುವ ಜಾತಿ. ಚೌಕಟ್ಟು ತುಂಬಲಿ ಎಂದು ನಾವು ಮುಂದೆ ಮುಂದೆ ಹೋಗುತ್ತೇವೆ, ಕಾರಿನ ಮೂಗು ಊದುತ್ತದೆ. ಹಿಂದೆ ನಡೆದು 2ಎಕ್ಸ್, 3ಎಕ್ಸ್ ಗುಂಡಿ ಒತ್ತಿದರೆ ಆಯಿತು. ಆದರೆ ಹಿಂದೆ ನಡೆಯಲು ನಮ್ಮ ಬೀದಿಯಲ್ಲಿ ಜಾಗವೆಲ್ಲಿದೆ? ಹತ್ತು ಮೀಟರಿಗೆ ಎದುರು ಮನೆಯವರ ದೇವರಕೋಣೆ ಬರುತ್ತದೆ.

ನಮ್ಮವರಿಗೆ ಕಾರಿನ ಫೋಟೋ ಎಂದರೆ ಕಾರಿನ ಮುಂದೆ ನಿಂತವರ ಫೋಟೋ, ಇದನ್ನೂ ಹೇಳಿಬಿಡಬೇಕು. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರಲ್ಲ, ಇವತ್ತಿಗೂ ಷೋರೂಮುಗಳಲ್ಲಿ ಅದೇ ಭಂಗಿ ನಡೆಯುತ್ತಿದೆ. ಮೊಳದುದ್ದದ ರಟ್ಟಿನ ಕೀಲಿಕೈ, ರಿಬ್ಬನ್ನು, ಅಜ್ಜಿಯಿಂದ ಮೊಮ್ಮಗುವಿನವರೆಗೆ ಅಡ್ಡ ಸಾಲು. ಅದರ ಹಿಂದೆಲ್ಲೋ ಒಂದು ಹೆಡ್‌ಲೈಟು ಇಣುಕುತ್ತಿದ್ದರೆ ಕಾರು ಇದೆ ಎಂದರ್ಥ. ಇನ್ನೂ ಹಿಂದೆ ಜಾತ್ರೆಗಳಲ್ಲಿ ಫೋಟೋದವನು ಹಲಗೆಯ ಮೇಲೆ ಕಾರು ಬರೆಸಿ ಇಟ್ಟುಕೊಂಡಿರುತ್ತಿದ್ದ. ಅದರ ಹಿಂದೆ ಕೂತು ಸ್ಟೀರಿಂಗಿಗೆ ಕೈ ಇಟ್ಟಂತೆ ನಟಿಸಿದರೆ ನಮಗೂ ಒಂದು ಕಾರಾಯಿತು. ನನ್ನ ಮೊದಲ ಕಾರು ಅದೇ. ಆ ಫೋಟೋದಲ್ಲಿ ಹೊಳಪಿನ ಕಾಟವೇ ಇಲ್ಲ ನೋಡಿ, ಬರೀ ಸುಣ್ಣದ ಬಣ್ಣ!

ಇರಲಿ. ಹತ್ತು ಗಂಟೆ ಬಿಸಿಲಲ್ಲಿ ಏನೂ ಆಗದು, ಸಂಜೆ ಬನ್ನಿ ಎಂದು ರಾಯರನ್ನು ಕಳಿಸಿದೆ. ದೊಡ್ಡ ಸ್ಟುಡಿಯೋದವರು ಕಾರಿನ ನೆತ್ತಿಯ ಮೇಲೆ ಕಾರಿಗಿಂತ ದೊಡ್ಡ ಬಿಳಿ ಪರದೆ ತೂಗುಹಾಕಿ ಅದಕ್ಕೆ ಬೆಳಕು ಬಿಡುತ್ತಾರೆ. ಆಗ ಕಾರಿನ ಅಂಚುಗುಂಟ ಒಂದು ನುಣುಪಾದ ಬೆಳಕಿನ ಗೆರೆ ಹರಿಯುತ್ತದೆ. ನಮ್ಮ ಕಣ್ಣು ಕಾರಿನ ಆಕಾರ ಓದುವುದು ಆ ಗೆರೆಯಿಂದಲೇ. ಅಂಥ ಪರದೆ ನಮಗೂ ಉಂಟು. ಸೂರ್ಯ ಮುಳುಗಿದ ಮೇಲಿನ ಹದಿನೈದಿಪ್ಪತ್ತು ನಿಮಿಷ ಆಕಾಶ ಆ ಕೆಲಸ ಮಾಡುತ್ತದೆ, ಬಾಡಿಗೆ ಕೇಳುವುದಿಲ್ಲ.

ಆಟದ ಮೈದಾನದ ಪಕ್ಕದ ಖಾಲಿ ರಸ್ತೆಗೆ ಕಾರು ಒಯ್ಯುವುದೆಂದಾಯಿತು. ಹೊರಡುವ ಮುಂಚೆ ನಾನು ಒಂದು ತಪ್ಪು ಮಾಡಿದೆ. ಸಿನಿಮಾದವರು ರಾತ್ರಿ ರಸ್ತೆಗೆ ನೀರು ಹಾಕುತ್ತಾರೆ, ಒದ್ದೆ ಟಾರಿನಲ್ಲಿ ದೀಪ ಹೊಳೆಯುತ್ತದೆ ಎಂದು ಬಾಯಿಬಿಟ್ಟೆ. ರಾಯರು ಬಕೆಟ್ಟು ಎತ್ತಿಯೇಬಿಟ್ಟರು. ಒಳಗಿಂದ ಅವರ ಮನೆಯವರ ಧ್ವನಿ ಬಂತು. 2024ರ ಮಾರ್ಚಿನಲ್ಲಿ, ಬೆಂಗಳೂರಿಗೆ ನೀರಿಲ್ಲದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತಲ್ಲ, ಆ ಪೇಪರ್ ತುಂಡು ಅವರ ಫ್ರಿಜ್ಜಿನ ಮೇಲೆ ಇವತ್ತಿಗೂ ಅಂಟಿಕೊಂಡಿದೆ. ಬಕೆಟ್ಟು ಇಳಿಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಹೋದೆವು.

ರಾಯರು ನೆಟ್ಟಗೆ ನಿಂತು ಕ್ಲಿಕ್ಕಿಸತೊಡಗಿದರು. ಎಲ್ಲರೂ ಹಾಗೆಯೇ, ಕಾರನ್ನು ನಮ್ಮ ಕಣ್ಣಿನ ಎತ್ತರದಿಂದ ತೆಗೆಯುತ್ತೇವೆ. ಬಂದದ್ದು ಬರೀ ಟಾಪು ಮತ್ತು ಬಾನೆಟ್ಟು. ಹೆಡ್‌ಲೈಟಿನ ಮಟ್ಟಕ್ಕೆ ಇಳಿದರೆ ಪುಟ್ಟ ಕಾರಿಗೂ ಎದೆ ಬರುತ್ತದೆ. ಹಾಗೆಂದು ನೆಲಕ್ಕೇ ಮಲಗಬೇಡಿ, 800 ಲಾರಿಯಂತೆ ಕಾಣಬಾರದಲ್ಲ. ಎದುರಿನಿಂದಲ್ಲ, ಬದಿಯಿಂದಲೂ ಅಲ್ಲ, ಮೂಲೆಯಿಂದ ನೋಡಿದರೆ ಮುಖ ಮತ್ತು ಪಕ್ಕೆ ಎರಡೂ ಸಿಗುತ್ತವೆ. ಆಗ ಸ್ಟೀರಿಂಗನ್ನು ನಾವು ನಿಂತಿರುವ ಕಡೆಯಿಂದ ಆಚೆಗೆ ತಿರುಗಿಸಬೇಕು. ಚಕ್ರದ ಡಿಸ್ಕು ನಮ್ಮನ್ನು ನೋಡುತ್ತದೆ. ಈಚೆಗೆ ತಿರುಗಿಸಿದರೆ ಕಾಣುವುದು ಸವೆದ ಟೈರು, ಮಾರುವವರಿಗೆ ಅದು ಶ್ರೇಯಸ್ಕರವಲ್ಲ. ಕಾರಿನ ತಲೆಯಿಂದ ಕರೆಂಟು ಕಂಬ ಮೊಳೆತಿರುವುದು ನನಗೆ ಮೂರನೆಯ ಫೋಟೋದಲ್ಲಿ ಕಂಡಿತು. ಎರಡು ಹೆಜ್ಜೆ ಪಕ್ಕಕ್ಕೆ ಹೋದೆವು, ಕಂಬ ಹೋಯಿತು. ಪಾರ್ಕಿಂಗ್ ದೀಪ ಹಚ್ಚಿದೆವು. ಆ ಹಳೆಯ ಬಲ್ಬುಗಳ ಹಳದಿ, ಹಿಂದಿನ ಬಾನಿನ ನೀಲಿ, ನಡುವೆ ಕೆಂಪು. ರಾಯರು ಮಾತೇ ಆಡಲಿಲ್ಲ.

ಮುಂಗಾಜಿನಲ್ಲಿ ಮಾತ್ರ ಮರದ ಕೊಂಬೆಗಳು ತುಂಬಿಕೊಂಡು ಒಳಗಿನ ಸೀಟು ಕಾಣುತ್ತಿರಲಿಲ್ಲ. ಇದಕ್ಕೆ ಪೋಲರೈಸರ್ ಎಂಬ ಫಿಲ್ಟರು ಬರುತ್ತದೆ, ಗಾಜಿನಿಂದ ಓರೆಯಾಗಿ ಚಿಮ್ಮುವ ಹೊಳಪನ್ನು ತಡೆಯುತ್ತದೆ. ನಾನು ಮಾಡಿದ್ದು ಬಡವರ ಉಪಾಯ. ನನ್ನ ಪೋಲರೈಸ್ಡ್ ತಂಪು ಕನ್ನಡಕ ತೆಗೆದು ಮೊಬೈಲಿನ ಕಣ್ಣಿಗೆ ಹಿಡಿದು ನಿಧಾನ ತಿರುಗಿಸಿದೆ. ಒಂದು ಕೋನದಲ್ಲಿ ಕೊಂಬೆಗಳೆಲ್ಲ ಮಾಯ, ಸೀಟಿನ ಮೇಲೆ ರಾಯರ ಮನೆಯವರು ಹೆಣೆದ ಕ್ರೋಶಾ ಹೊದಿಕೆ ಪ್ರತ್ಯಕ್ಷ! ಕ್ರೋಮಿಗೆ ಮಾತ್ರ ಈ ಮಂತ್ರ ತಾಗದು, ಬರಿಯ ಲೋಹದ ಹೊಳಪು ಇದಕ್ಕೆ ಬಗ್ಗುವುದಿಲ್ಲ.

ಉತ್ಸಾಹ ನೆತ್ತಿಗೇರಿ ರಾಯರು, ಓಡುತ್ತಿರುವ ಕಾರಿನದೂ ಒಂದು ತೆಗೆಯಿರಿ ಎಂದರು. ಶಟರನ್ನು 1/60 ಸೆಕೆಂಡಿಗೆ ಇಟ್ಟುಕೊಂಡು, ಕಾರಿನ ಜೊತೆಗೇ ಸೊಂಟದಿಂದ ಮೇಲೆ ತಿರುಗುತ್ತ ಗುಂಡಿ ಒತ್ತಬೇಕು. ಕಾರು ನಿಚ್ಚಳ, ಹಿಂದಿನದೆಲ್ಲ ಗೀಚಿದ ಗೆರೆ. ರಾಯರು ಮೂವತ್ತರ ವೇಗದಲ್ಲಿ ಆರು ಸಲ ಹಾದರು. ಐದು ಕೆಟ್ಟವು. ಆರನೆಯದರಲ್ಲಿ ಹಿಂದಿನ ಹಾಲಿನ ಬೂತು ನಿಚ್ಚಳವಾಗಿ ಬಂದಿತ್ತು, ಕಾರು ಗೀಚಿದ ಗೆರೆಯಾಗಿತ್ತು.

ಸಮಾಧಾನಕ್ಕೆ ಲಾರ್ಟಿಗ್ ಕಥೆ ಹೇಳಿದೆ. ಫ್ರಾನ್ಸಿನ ಝಾಕ್ ಆನ್ರಿ ಲಾರ್ಟಿಗ್ 1894ರಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗಲೇ ಕ್ಯಾಮೆರಾ ಹಿಡಿದವನು. ಹತ್ತೊಂಬತ್ತರ ಆಸುಪಾಸಿನಲ್ಲಿ ಗ್ರಾಂ ಪ್ರಿ ಪಂದ್ಯದ ಬದಿಗೆ ನಿಂತು ಹೀಗೇ ತಿರುಗುತ್ತ ಒಂದು ಫೋಟೋ ತೆಗೆದ. ಕಾರಿನ ಮುಂಭಾಗ ಚೌಕಟ್ಟಿನಿಂದ ಹೊರಗೆ. ಹಿಂದಿನ ಚಕ್ರ ಮೊಟ್ಟೆಯಂತೆ ಮುಂದಕ್ಕೆ ವಾಲಿದೆ, ರಸ್ತೆ ಬದಿಯ ಜನ ಹಿಂದಕ್ಕೆ ವಾಲಿದ್ದಾರೆ. ಅವನ ಕ್ಯಾಮೆರಾದ ಶಟರು ಒಂದು ಸೀಳು. ಅದು ಸರಿಯುತ್ತ ಸರಿಯುತ್ತ ಚಿತ್ರ ಬರೆಯುತ್ತದೆ. ಚಕ್ರದ ಬುಡ ಮೊದಲು ದಾಖಲಾಯಿತು, ತಲೆ ದಾಖಲಾಗುವಷ್ಟರಲ್ಲಿ ಕಾರು ಇನ್ನಷ್ಟು ಮುಂದೆ ಹೋಗಿತ್ತು. ಕ್ಯಾಮೆರಾವೂ ತಿರುಗುತ್ತಿದ್ದುದರಿಂದ ನಿಂತ ಜನ ಎದುರು ದಿಕ್ಕಿಗೆ ಓರೆಯಾದರು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮು ಅವನ ಚಿತ್ರಗಳನ್ನು ಪ್ರದರ್ಶಿಸಿದಾಗ ಲೋಕಕ್ಕೆ ಅವನು ಗೊತ್ತಾದ, ವಯಸ್ಸು ಆಗಲೇ ಅರವತ್ತೊಂಬತ್ತು. ವೇಗ ಎಂದರೆ ಏನು ಎನ್ನುವುದಕ್ಕೆ ಇವತ್ತಿಗೂ ಆ ಚಕ್ರವನ್ನೇ ತೋರಿಸುತ್ತಾರೆ.

ರಾಯರು ಗಂಭೀರವಾಗಿ ಕೇಳಿಸಿಕೊಂಡು, "ಅವನು ಆ ಕಾರನ್ನ ಮಾರೋಕೆ ಹೊರಟಿರಲಿಲ್ಲವಲ್ಲ" ಎಂದರು.

ಅದೂ ನಿಜ. ಮಾರುವವರಿಗೆ ಬೇಕಾದ್ದು ಬೇರೆ. ಕೊನೆಗೆ ನಾನು ಹಟಹಿಡಿದು ಹಿಂದಿನ ಬಾಗಿಲ ಹತ್ತಿರದ ತಗ್ಗಿನದೂ ಒಂದು ತೆಗೆದೆ. ಬದಿಯಿಂದ ಟಾರ್ಚು ಓರೆಯಾಗಿ ಬಿಟ್ಟರೆ ತಗ್ಗು ಎಷ್ಟಿದೆಯೋ ಅಷ್ಟೂ ತೋರುತ್ತದೆ. ಹಾಲಿನ ವ್ಯಾನು ಗುದ್ದಿದ್ದಂತೆ ಅದು. ರಾಯರಿಗೆ ಮನಸ್ಸಿರಲಿಲ್ಲ. ಆದರೆ ಮರುದಿನ ಬಂದ ನಾಲ್ಕು ಫೋನುಗಳಲ್ಲಿ ಒಬ್ಬನೂ ಆಕ್ಸಿಡೆಂಟ್ ಗಾಡಿನಾ ಎಂದು ಕೇಳಲಿಲ್ಲ, ತಗ್ಗು ತೆಗೆಸೋಕೆ ಎಷ್ಟಾಗುತ್ತೆ ಎಂದಷ್ಟೇ ಕೇಳಿದರು.

ಬರುವ ಆಯುಧಪೂಜೆಗೆ ನೀವೂ ಹೇಗಿದ್ದರೂ ಕಾರಿನ ಫೋಟೋ ತೆಗೆಯುವವರೇ. ಚೆಂಡುಹೂವಿನ ಹಾರ ನಂಬರ್ ಪ್ಲೇಟಿನ ಮೇಲೆ ಇಳಿಬಿದ್ದಿದ್ದರೆ ಬಿಡಿ, ಒಳ್ಳೆಯದೇ ಆಯಿತು. ಮನೆಮಂದಿಯನ್ನು ಒಂದೆರಡು ನಿಮಿಷ ಪಕ್ಕಕ್ಕೆ ಕಳಿಸಿ, ಹತ್ತು ಹೆಜ್ಜೆ ಹಿಂದೆ ನಡೆದು, ಮಂಡಿಯೂರಿ ಕೂರಿ. ಕೂರುವ ಮುಂಚೆ ನೆಲ ನೋಡಿಕೊಳ್ಳಿ. ಒಡೆದ ಬೂದುಗುಂಬಳದ ಕುಂಕುಮ ಪ್ಯಾಂಟಿನಿಂದ ಹೋಗುವುದಿಲ್ಲ.